ಷರಾ ಅಂಕಣದ ಒಂದಕ್ಷರ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಎಂದಿನಂತೆ ಛಂದಸ್ಸನ್ನೋ ಅಲಂಕಾರವನ್ನೋ ಕುರಿತು ನಾಲ್ಕು ಮಾತು ಬರೆದು ಒಪ್ಪಿಸೋಣವೆಂದು ನಾನು ಬಗೆದಿದ್ದೆ. ಆದರೆ ಈ ಮಹೋತ್ಸವದ ಸಿದ್ಧತೆಯ ದಿನಗಳಲ್ಲಿಯೇ, ನಮ್ಮ ಶಾಲೆಯ ಗಣಕಯಂತ್ರದ ಕೊಠಡಿಯಲ್ಲಿ, ಒಂದು ಸಣ್ಣ ಪ್ರಸಂಗ ನಡೆಯಿತು. ಅದು ನನ್ನನ್ನು ನಗಿಸಿತು, ನಾಚಿಸಿತು, ಕಡೆಗೆ ಒಂದು ಪಾಠವನ್ನೂ ಕಲಿಸಿತು. ವಿಷಯವು ಯಂತ್ರಕ್ಕೆ ಸಂಬಂಧಿಸಿದ್ದು. ಬರೆಯುವವನು ವ್ಯಾಕರಣದ ಪಂಡಿತ. ಈ ಅಸಾಂಗತ್ಯವನ್ನು ವಾಚಕ ಮಹಾಶಯರು ಮನ್ನಿಸಬೇಕು.

ನಮ್ಮ ಶಾಲೆಯ ಕಚೇರಿಯಲ್ಲಿ ದಾಖಲಾತಿ ಪುಸ್ತಕಗಳ ಒಂದು ಸಾಲು ಇದೆ. ದಪ್ಪ ರಟ್ಟಿನ, ಬೆನ್ನಿಗೆ ಬಟ್ಟೆ ಅಂಟಿಸಿದ ಆ ಪುಸ್ತಕಗಳಲ್ಲಿ ಮೊದಲ ದಿನದಿಂದ ಇಂದಿನವರೆಗೆ ಇಲ್ಲಿ ಕಲಿತ ಪ್ರತಿಯೊಬ್ಬನ ಹೆಸರು, ತಂದೆಯ ಹೆಸರು, ಊರು, ಹುಟ್ಟಿದ ದಿನ, ಸೇರಿದ ದಿನ, ಬಿಟ್ಟ ದಿನ ಇವೆಲ್ಲ ಇವೆ. ಕಟ್ಟಕಡೆಗೆ ಒಂದು ಕಿರಿದಾದ ಅಂಕಣ. ಅದರ ತಲೆಯ ಮೇಲೆ 'ಷರಾ' ಎಂದು ಬರೆದಿದೆ. ಉಳಿದ ಅಂಕಣಗಳಲ್ಲಿ ಸರಕಾರವು ಕೇಳುವ ಮಾತುಗಳಿದ್ದರೆ, ಈ ಅಂಕಣದಲ್ಲಿ ಕಚೇರಿಯು ತನಗಾಗಿ ಬರೆದುಕೊಂಡ ಮಾತುಗಳಿವೆ. ಜಾಗ ಕಿರಿದಾದುದರಿಂದ ಗುಮಾಸ್ತರು ಪದಗಳನ್ನು ಕತ್ತರಿಸಿ ಒಂದೆರಡು ಅಕ್ಷರಗಳಲ್ಲಿ ಹಿಡಿಸಿದ್ದಾರೆ. ಬರೆದವರಿಗೆ ಅದು ಸ್ಪಷ್ಟ. ಪಕ್ಕದಲ್ಲಿ ಕುಳಿತವರಿಗೂ ಸ್ಪಷ್ಟ. ಐವತ್ತು ವರ್ಷಗಳ ತರುವಾಯ ಓದುವವನಿಗೆ ಮಾತ್ರ ಅದು ಶಾಸನದ ತ್ರುಟಿತ ಭಾಗವಿದ್ದಂತೆ.

ಮಹೋತ್ಸವದ ನಿಮಿತ್ತ ಈ ಪುಸ್ತಕಗಳನ್ನೆಲ್ಲ ಗಣಕಯಂತ್ರಕ್ಕೆ ಏರಿಸಬೇಕೆಂದು ಸಮಿತಿಯು ನಿಶ್ಚಯಿಸಿತು. ಹಿರಿಯ ವಿದ್ಯಾರ್ಥಿಗಳು ಎರಡು ಬೇಸಿಗೆ ರಜೆಗಳಲ್ಲಿ ಕುಳಿತು, ಪುಸ್ತಕದಲ್ಲಿದ್ದುದನ್ನು ಇದ್ದಂತೆಯೇ ಬೆರಳಚ್ಚು ಮಾಡಿದರು. ಇದರಿಂದ ಸಿದ್ಧವಾದದ್ದೇ ಡೇಟಾಬೇಸ್ ಎಂಬ ದತ್ತಸಂಚಯ. ಹೆಸರು ಹೊಸದಾದರೂ ವಸ್ತು ನಮಗೆ ಅಪರಿಚಿತವಲ್ಲ. ಅದೂ ಅಡ್ಡಸಾಲು, ಉದ್ದಸಾಲುಗಳ ಕೋಷ್ಟಕವೇ. ಐಬಿಎಂ ಸಂಸ್ಥೆಯಲ್ಲಿದ್ದ ಎಡ್ಗರ್ ಕಾಡ್ ಎಂಬ ವಿದ್ವಾಂಸರು ೧೯೭೦ರಲ್ಲಿ, ಎಷ್ಟೇ ದೊಡ್ಡ ಮಾಹಿತಿಯನ್ನೂ ಪರಸ್ಪರ ಸಂಬಂಧವುಳ್ಳ ಇಂತಹ ಕೋಷ್ಟಕಗಳಲ್ಲಿ ಅಳವಡಿಸಬಹುದೆಂದು ತೋರಿಸಿಕೊಟ್ಟರು. ಅದೇ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಎಂಬವರು ೧೯೭೪ರಲ್ಲಿ, ಆ ಕೋಷ್ಟಕಗಳನ್ನು ಪ್ರಶ್ನಿಸುವುದಕ್ಕೆ ಒಂದು ಭಾಷೆಯನ್ನು ರೂಪಿಸಿದರು. ಇಂದು ಅದಕ್ಕೆ ಎಸ್‌ಕ್ಯೂಎಲ್ ಎಂದು ಹೆಸರು. ಅದರ ವ್ಯಾಕರಣವನ್ನು ಕೇಳಿ ನನಗೆ ಸಂತೋಷವಾಯಿತು. ದಿನಬಳಕೆಯಲ್ಲಿ ಅದಕ್ಕೆ ಮುಖ್ಯವಾಗಿ ನಾಲ್ಕೇ ಧಾತುಗಳು: ಆಯು, ಸೇರಿಸು, ತಿದ್ದು, ಅಳಿಸು. ಈ ನಾಲ್ಕನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇವುಗಳಿಂದ ಪ್ರಯೋಜನವಿದೆ.

ನನ್ನ ಹಳೆಯ ಶಿಷ್ಯನೊಬ್ಬನು ಬೆಂಗಳೂರಿನಲ್ಲಿ ತಂತ್ರಾಂಶದ ಉದ್ಯೋಗದಲ್ಲಿದ್ದಾನೆ. ಮಹೋತ್ಸವದ ಕೆಲಸಕ್ಕಾಗಿ ರಜೆ ಹಾಕಿ ಬಂದ ಅವನು, ತನ್ನೊಂದಿಗೆ ಒಬ್ಬ ಅದೃಶ್ಯ ಸಹಾಯಕನನ್ನೂ ತಂದಿದ್ದನು. ಕಾರ್ಯಕ್ರಮಗಳನ್ನು, ಎಂದರೆ ಯಂತ್ರಕ್ಕೆ ಕೊಡುವ ಆದೇಶಮಾಲೆಗಳನ್ನು, ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಸಹಾಯಕ ಅದು. ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲಿಯೇ ಉತ್ತರಿಸುತ್ತದೆ; ಕೇಳಿದ್ದನ್ನು ಎಸ್‌ಕ್ಯೂಎಲ್ ಭಾಷೆಗೆ ಕ್ಷಣಾರ್ಧದಲ್ಲಿ ತಿರುಗಿಸುತ್ತದೆ.

"ಹಾಗಾದರೆ ನಮ್ಮ ದಾಖಲಾತಿ ಪುಸ್ತಕವನ್ನು ಅದು ಆಗಲೇ ಓದಿಕೊಂಡಿದೆಯೇ?" ಎಂದು ನಾನು ಕೇಳಿದೆ.

"ಇಲ್ಲ ಗುರುಗಳೇ. ಅದಕ್ಕೆ ಭಾಷೆ ಬರುತ್ತದೆ; ನಮ್ಮ ಮನೆಯ ದಾರಿ ಗೊತ್ತಿಲ್ಲ. ದಾರಿ ಮಾಡಿಕೊಡಬೇಕು" ಎಂದನು.

ಆ ದಾರಿಗೆ ಟೂಲ್ ಸರ್ವರ್ ಎಂದು ಹೆಸರು. ಶಿಷ್ಯನು ಅದನ್ನು ಬಹಳ ವಿನಯದಿಂದ ವಿವರಿಸಿದನು. ನಾನು ತಿಳಿದುಕೊಂಡಷ್ಟನ್ನು ನಮ್ಮ ಮಠದ ಪರಿಭಾಷೆಯಲ್ಲಿ ಹೇಳುತ್ತೇನೆ. ದಾಸೋಹಕ್ಕೆ ಬಂದ ಅತಿಥಿಯು ಎಷ್ಟೇ ದೊಡ್ಡವನಾದರೂ ನೇರವಾಗಿ ಉಗ್ರಾಣಕ್ಕೆ ನುಗ್ಗುವುದಿಲ್ಲ. ಬಾಗಿಲಲ್ಲಿ ಉಗ್ರಾಣಿ ಇರುತ್ತಾನೆ. ಏನೇನು ಸಿಗುತ್ತದೆ, ಹೇಗೆ ಕೇಳಬೇಕು ಎಂಬುದನ್ನು ಅವನು ಹೇಳುತ್ತಾನೆ. ಕೇಳಿದ್ದನ್ನು ಒಳಗಿನಿಂದ ಅಳೆದು ತಂದುಕೊಡುತ್ತಾನೆ. ಸಹಾಯಕನೇ ಅತಿಥಿ, ದತ್ತಸಂಚಯವೇ ಉಗ್ರಾಣ, ಟೂಲ್ ಸರ್ವರ್ ಎಂಬುದೇ ಉಗ್ರಾಣಿ. ಸಹಾಯಕನು ಬಂದೊಡನೆ, ನಿನ್ನಲ್ಲಿ ಯಾವ ಯಾವ ಸಲಕರಣೆಗಳಿವೆ ಎಂದು ಸರ್ವರನ್ನು ಕೇಳುತ್ತದೆ. ಸರ್ವರ್ ಪ್ರತಿಯೊಂದು ಸಲಕರಣೆಯ ಹೆಸರನ್ನೂ, ಅದು ಏನು ಮಾಡುತ್ತದೆಂಬ ವಿವರಣೆಯನ್ನೂ, ಕೇಳುವಾಗ ಕೊಡಬೇಕಾದ ಅಂಶಗಳನ್ನೂ ಪಟ್ಟಿಮಾಡಿ ಒಪ್ಪಿಸುತ್ತದೆ. ಆ ವಿವರಣೆಗಳನ್ನು ಓದಿ, ತನ್ನ ಕೆಲಸಕ್ಕೆ ತಕ್ಕುದನ್ನು ಸಹಾಯಕನು ಆರಿಸಿಕೊಳ್ಳುತ್ತದೆ.

ಈ ಸಂಭಾಷಣೆಗೆ ಎಲ್ಲರೂ ಒಪ್ಪುವ ಒಂದು ಶಿಷ್ಟಾಚಾರ ಬೇಕು. ಆಂಥ್ರಾಪಿಕ್ ಎಂಬ ಸಂಸ್ಥೆಯು ೨೦೨೪ರ ನವೆಂಬರ್ ತಿಂಗಳಲ್ಲಿ 'ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್' ಎಂಬ ಹೆಸರಿನಲ್ಲಿ ಅಂತಹ ನಿಯಮಾವಳಿಯನ್ನು ಮುಕ್ತವಾಗಿ ಪ್ರಕಟಿಸಿತು; ಚಿಕ್ಕದಾಗಿ ಅದನ್ನು ಎಂಸಿಪಿ ಎನ್ನುತ್ತಾರೆ. ತತ್ಪೂರ್ವದಲ್ಲಿ ಪ್ರತಿಯೊಂದು ಸಹಾಯಕಕ್ಕೂ ಪ್ರತಿಯೊಂದು ಉಗ್ರಾಣಕ್ಕೂ ಬೇರೆ ಬೇರೆ ದಾರಿಯನ್ನು ಕಡಿಯಬೇಕಾಗಿತ್ತು. ಐದು ಬಗೆಯ ಸಹಾಯಕರು, ಏಳು ಬಗೆಯ ಉಗ್ರಾಣಗಳು ಇದ್ದರೆ ಮೂವತ್ತೈದು ದಾರಿಗಳಾದುವು. ಎಲ್ಲರೂ ಒಂದೇ ಶಿಷ್ಟಾಚಾರವನ್ನು ಕಲಿತರೆ ಐದೂ ಏಳೂ ಕೂಡಿ ಹನ್ನೆರಡು ಸಿದ್ಧತೆಗಳು ಸಾಕು. ಗುಣಾಕಾರವು ಸಂಕಲನವಾಗುವ ಈ ಲಾಘವವನ್ನು ಸೂತ್ರಕಾರರು ಕಂಡಿದ್ದರೆ ಮೆಚ್ಚುತ್ತಿದ್ದರು.

ಶಿಷ್ಯನು ಮೂರು ಸಲಕರಣೆಗಳನ್ನು ಜೋಡಿಸಿದನು. ಕೋಷ್ಟಕಗಳ ಹೆಸರು ಹೇಳುವುದು ಒಂದು. ಕೋಷ್ಟಕದ ಅಂಕಣಗಳನ್ನು ತಿಳಿಸುವುದು ಇನ್ನೊಂದು. ಎಸ್‌ಕ್ಯೂಎಲ್ ವಾಕ್ಯವನ್ನು ಕೊಟ್ಟರೆ ನಡೆಸಿ ಫಲವನ್ನು ತರುವುದು ಮೂರನೆಯದು. ಒಂದು ಸಂಜೆ ಸಮಿತಿಯ ಸದಸ್ಯರು, ಅಧ್ಯಾಪಕರು, ದಾನಿಗಳಲ್ಲಿ ಕೆಲವರು ಗಣಕಯಂತ್ರದ ಕೊಠಡಿಯಲ್ಲಿ ಕೂಡಿದರು. ಗೋಡೆಯ ಮೇಲಿನ ಪರದೆಯಲ್ಲಿ ಪ್ರಶ್ನೋತ್ತರಗಳು ಮೂಡತೊಡಗಿದುವು. ಯಾವ ಊರಿನಿಂದ ಎಷ್ಟು ಮಂದಿ ಬಂದರು? ಯಾವ ವರ್ಷ ಹೆಚ್ಚು ಮಕ್ಕಳು ಸೇರಿದರು? ಅಣ್ಣತಮ್ಮಂದಿರು ಒಟ್ಟಿಗೆ ಕಲಿತ ಮನೆಗಳು ಎಷ್ಟು? ಗುಮಾಸ್ತರಿಗೆ ತಿಂಗಳುಗಟ್ಟಲೆ ಹಿಡಿಯುವ ಲೆಕ್ಕ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದಿತು. ಸಭೆ ಬೆರಗಾಯಿತು.

ಆಗ ಖಜಾಂಚಿಗಳು, "ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಶಾಲೆಗೆ ದಾನ ಕೊಟ್ಟವರು ಯಾರ್ಯಾರು, ಕೇಳು ನೋಡೋಣ" ಎಂದರು. ಪರದೆಯ ಮೇಲೆ ದೊಡ್ಡದೊಂದು ಪಟ್ಟಿ ಇಳಿಯಿತು. ಮೊದಲ ಪುಟದಲ್ಲಿಯೇ, ೧೯೮೩ರಲ್ಲಿ ಎಂಟನೆಯ ತರಗತಿಗೆ ಸೇರಿದವರ ಗುಂಪಿನಲ್ಲಿ, ನನ್ನ ಹೆಸರಿತ್ತು.

"ಪಂಡಿತರು ಗುಪ್ತದಾನಿಗಳು! ನಮಗೆ ತಿಳಿಸಲೇ ಇಲ್ಲ" ಎಂದು ಒಬ್ಬರು ನಕ್ಕರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ನಗು ಬರಲಿಲ್ಲ. ಆ ಹೆಸರು ಅಲ್ಲಿಗೆ ಹೇಗೆ ಬಂದಿತೆಂದು ನನಗೆ ಆ ಕ್ಷಣದಲ್ಲಿಯೇ ಹೊಳೆದಿತ್ತು.

ಆ ದಿನ ನನಗೆ ಚೆನ್ನಾಗಿ ನೆನಪಿದೆ. ನಮ್ಮ ತಂದೆಯವರು ಪರರ ಹೊಲದಲ್ಲಿ ದುಡಿಯುತ್ತಿದ್ದವರು. ಆ ವರ್ಷ ಊರಿನಲ್ಲಿ ಕೆಲಸವಿರಲಿಲ್ಲ. ನನ್ನನ್ನು ಕರೆದುಕೊಂಡು ಬಂದು, ಕಚೇರಿಯ ಹೊಸ್ತಿಲಿನ ಹೊರಗೇ ಚಪ್ಪಲಿ ಬಿಟ್ಟು, ಕೈಕಟ್ಟಿ ನಿಂತರು. ಹಿರಿಯ ಗುಮಾಸ್ತರು ಹೆಸರು, ಊರು ಬರೆದುಕೊಂಡು, "ಪ್ರಸಾದ ನಿಲಯದ ವೆಚ್ಚ?" ಎಂದು ತಲೆಯೆತ್ತಿದರು. ತಂದೆಯವರು ಏನೂ ಹೇಳದೆ ನೆಲವನ್ನು ನೋಡಿದರು. ಗುಮಾಸ್ತರು ಮತ್ತೆ ಕೇಳಲಿಲ್ಲ. ಲೇಖನಿಯನ್ನು ಮಸಿಯಲ್ಲಿ ಅದ್ದಿ, ಕೊನೆಯ ಅಂಕಣದಲ್ಲಿ ಒಂದೇ ಅಕ್ಷರವನ್ನು ಬರೆದು, ಮುಂದೆ ಚುಕ್ಕಿಯಿಟ್ಟು, ಪುಸ್ತಕ ಮುಚ್ಚಿದರು. "ಹೋಗಪ್ಪಾ, ಒಳಗೆ ಪಂಕ್ತಿ ಕೂತಿದೆ, ನೀವೂ ಕೂತು ಉಣ್ಣಿರಿ" ಎಂದರು. ಅವರು ಬರೆದ ಅಕ್ಷರ 'ದಾ.', ಎಂದರೆ ದಾಸೋಹ. ಈ ಹುಡುಗನ ಅನ್ನದ ಹೊಣೆ ಮಠದ್ದು ಎಂದು ಅದರ ಅರ್ಥ. ಅಲ್ಲಿಂದ ಮೂರು ವರ್ಷ ನಾನು ಒಂದು ಪೈಸೆಯನ್ನೂ ಕೊಡದೆ ಇಲ್ಲಿ ಉಂಡೆ.

ಯಂತ್ರವು 'ದಾ.' ಎಂಬುದನ್ನು 'ದಾನಿ' ಎಂದು ಓದಿತ್ತು. ಉಂಡವನನ್ನು ಉಣಿಸಿದವರ ಪಂಕ್ತಿಯಲ್ಲಿ ಕೂರಿಸಿತ್ತು.

ನಾನು ಎದ್ದುನಿಂತು ಸಭೆಗೆ ಈ ಮಾತನ್ನು ಹೇಳಿದೆ. ಕೊಠಡಿ ನಿಶ್ಶಬ್ದವಾಯಿತು. ಶಿಷ್ಯನು ಮುಖ ಸಣ್ಣದು ಮಾಡಿಕೊಂಡು, ಸಹಾಯಕನು ಬರೆದಿದ್ದ ವಾಕ್ಯವನ್ನು ಪರದೆಗೆ ತಂದನು. ಷರಾ ಅಂಕಣದಲ್ಲಿ 'ದಾ.' ಇರುವ ಸಾಲುಗಳನ್ನೆಲ್ಲ ಆಯಬೇಕೆಂದು ಅದರಲ್ಲಿ ಸ್ಪಷ್ಟವಾಗಿತ್ತು. ವಾಕ್ಯದಲ್ಲಿ ವ್ಯಾಕರಣದ ದೋಷವಿರಲಿಲ್ಲ, ಲೆಕ್ಕದಲ್ಲಿಯೂ ತಪ್ಪಿರಲಿಲ್ಲ. ಅರ್ಥವೊಂದೇ ತಲೆಕೆಳಗಾಗಿತ್ತು.

ಇದು ಯಂತ್ರದ ಅಪರಾಧವೆಂದು ಕೆಲವರು ಹೇಳಿದರು. ನನಗೆ ಹಾಗೆನಿಸಲಿಲ್ಲ. ನಾವು ಅದಕ್ಕೆ ಅಂಕಣದ ಹೆಸರನ್ನು ಕೊಟ್ಟಿದ್ದೆವು, ಅಂಕಣದ ಅರ್ಥವನ್ನು ಕೊಟ್ಟಿರಲಿಲ್ಲ. ಟೀಕೆಯಿಲ್ಲದ ಗ್ರಂಥವನ್ನು ಹೊಸ ವಿದ್ಯಾರ್ಥಿಯ ಕೈಗಿತ್ತು, ಅವನು ಊಹಿಸಿದಾಗ ಬೈಯುವುದು ಗುರುವಿಗೆ ಒಪ್ಪುವ ಮಾತಲ್ಲ. ಊಹಿಸುವ ಮೊದಲು ಅದು ಕೇಳಬಹುದಿತ್ತು, ನಿಜ. ನಮ್ಮ ಮಕ್ಕಳೂ ಎಷ್ಟೋ ಸಲ ಕೇಳುವುದಿಲ್ಲ. ನಮ್ಮ ದತ್ತಸಂಚಯವಿರುವುದು ಪೋಸ್ಟ್‌ಗ್ರೆಸ್ ಎಂಬ ತಂತ್ರಾಂಶದಲ್ಲಿ. ೧೯೮೬ರಲ್ಲಿ ಅಮೆರಿಕದ ಬರ್ಕಲಿ ವಿಶ್ವವಿದ್ಯಾಲಯದಲ್ಲಿ ಅದರ ಕೆಲಸ ಆರಂಭವಾಯಿತಂತೆ. ಅದರಲ್ಲಿ ಪ್ರತಿಯೊಂದು ಅಂಕಣಕ್ಕೂ ಒಂದು ಟಿಪ್ಪಣಿಯನ್ನು ಲಗತ್ತಿಸುವ ಅನುಕೂಲವಿದೆಯೆಂದೂ, ಅಂಕಣಗಳನ್ನು ತಿಳಿಸುವ ಸಲಕರಣೆಯು ಆ ಟಿಪ್ಪಣಿಯನ್ನೂ ಸಹಾಯಕನಿಗೆ ಒಪ್ಪಿಸುವಂತೆ ಮಾಡಬಹುದೆಂದೂ ಶಿಷ್ಯನು ತಿಳಿಸಿದನು. "ಆದರೆ ಟಿಪ್ಪಣಿಯನ್ನು ನೀವೇ ಬರೆಯಬೇಕು ಗುರುಗಳೇ. ಆ ಅಕ್ಷರಗಳನ್ನು ಬಲ್ಲವರು ಬೇರೆ ಯಾರೂ ಉಳಿದಿಲ್ಲ" ಎಂದನು.

ಹೀಗೆ ಐವತ್ತು ದಾಟಿದ ಮೇಲೆ ನಾನು ಯಂತ್ರಕ್ಕೆ ವ್ಯಾಖ್ಯಾನಕಾರನಾದೆ. ಮೂರು ದಿನ ಪುಸ್ತಕಗಳನ್ನು ಹರವಿಕೊಂಡು ಕುಳಿತು ಸಂಕ್ಷೇಪಾಕ್ಷರಗಳ ಕೋಶವೊಂದನ್ನು ಸಿದ್ಧಪಡಿಸಿದೆ. 'ವ.ಪ್ರ.' ಎಂದರೆ ವರ್ಗಾವಣೆ ಪ್ರಮಾಣಪತ್ರ, 'ಪು.ಸೇ.' ಎಂದರೆ ಪುನಃ ಸೇರಿದವನು, 'ದಾ.' ಎಂದರೆ ದಾಸೋಹ. ಈ ಕೆಲಸದ ನಡುವೆ ಒಂದು ಆಶ್ಚರ್ಯ ಕಾದಿತ್ತು. ಮೊದಲ ಕೆಲವು ವರ್ಷಗಳ ಪುಸ್ತಕಗಳು ಬೇರೊಬ್ಬ ಗುಮಾಸ್ತರ ಬರವಣಿಗೆ. ಅವರೂ 'ದಾ.' ಎಂದು ಬರೆದಿದ್ದಾರೆ; ಆದರೆ ಅದರ ಮುಂದೆ ಒಂದು ಸಂಖ್ಯೆಯಿದೆ. ಅವರ ಪಾಲಿಗೆ ಅದು 'ದಾಖಲೆ', ಕಡತದ ಸಂಖ್ಯೆ. ಒಂದೇ ಅಕ್ಷರ, ಎರಡು ಕೈ, ಎರಡು ಅರ್ಥ.

ಈ ಅಂಶವು ನನಗೆ ತಿಳಿದದ್ದು ಮೂರನೆಯ ದಿನದ ಮಧ್ಯಾಹ್ನ. ಅದೇ ಸಂಜೆ ಶಿಷ್ಯನು ಉತ್ಸಾಹದಿಂದ, "ಷರಾ ಅಂಕಣದಲ್ಲಿ 'ದಾ.' ಇರುವಲ್ಲೆಲ್ಲ 'ದಾಸೋಹ' ಎಂದೇ ತಿದ್ದಿಸಿಬಿಡೋಣ. ಮುಂದೆ ಯಾರಿಗೂ ಗೊಂದಲ ಬೇಡ" ಎಂದು ಸಹಾಯಕನಿಗೆ ಹೇಳಿಯೂ ಬಿಟ್ಟಿದ್ದನು. ಅದು ವಾಕ್ಯವನ್ನು ಸಿದ್ಧಮಾಡಿ, ನಡೆಸಲೇ ಎಂದು ಅನುಮತಿ ಕೇಳುತ್ತಾ ನಿಂತಿತ್ತು. ಶಿಷ್ಯನ ಬೆರಳು ಒತ್ತುಗುಂಡಿಯ ಮೇಲಿತ್ತು. "ತಡಿ ತಮ್ಮಾ!" ಎಂದು ನಾನು ಕೂಗಿದ್ದು ಪಕ್ಕದ ತರಗತಿಗೂ ಕೇಳಿಸಿತಂತೆ. ಒತ್ತಿದ್ದರೆ ಮೊದಲ ಗುಮಾಸ್ತರ ದಾಖಲೆಗಳೆಲ್ಲ ದಾಸೋಹಗಳಾಗಿ, ಯಾವುದು ಮೂಲ, ಯಾವುದು ತಿದ್ದುಪಡಿ ಎಂಬ ಗುರುತೇ ಅಲ್ಲಿ ಉಳಿಯುತ್ತಿರಲಿಲ್ಲ. ಗ್ರಂಥಸಂಪಾದನೆಯ ಮೊದಲ ನಿಯಮವನ್ನು ಅವನಿಗೆ ಆಗ ಹೇಳಿದೆ: ಮೂಲಪಾಠವನ್ನು ಮುಟ್ಟಬಾರದು, ನಮ್ಮ ಅರ್ಥವನ್ನು ಅಡಿಟಿಪ್ಪಣಿಯಲ್ಲಿ ಬರೆಯಬೇಕು. ಅದರಂತೆ ಷರಾ ಇದ್ದಂತೆಯೇ ಉಳಿಯಿತು; ನನ್ನ ಕೋಶವು ಪ್ರತ್ಯೇಕ ಕೋಷ್ಟಕವಾಗಿ ಅದರ ಪಕ್ಕಕ್ಕೆ ಸೇರಿತು.

ಆ ರಾತ್ರಿ ನಾವಿಬ್ಬರೂ ಬಹಳ ಹೊತ್ತು ಮಾತನಾಡಿದೆವು. ೨೦೨೫ರ ಜುಲೈ ತಿಂಗಳಲ್ಲಿ ಅಮೆರಿಕದ ಉದ್ಯಮಿಯೊಬ್ಬರ ದತ್ತಸಂಚಯವನ್ನು ಇಂತಹ ಸಹಾಯಕವೊಂದು, ಏನನ್ನೂ ಬದಲಿಸಕೂಡದೆಂದು ಸ್ಪಷ್ಟವಾಗಿ ಹೇಳಿದ್ದರೂ, ಅಳಿಸಿಹಾಕಿತೆಂಬ ಸುದ್ದಿಯನ್ನು ಅವನು ಹೇಳಿದನು. ಪುಣ್ಯವಶಾತ್ ಮಾಹಿತಿಯನ್ನು ಮರಳಿ ಪಡೆಯಲು ಸಾಧ್ಯವಾಯಿತಂತೆ. ಇದರಿಂದ ತಿಳಿಯುವುದೇನು? ಮಾತಿನ ಅಪ್ಪಣೆ ಬೇರೆ, ಬಾಗಿಲಿನ ಬೀಗ ಬೇರೆ. ಉಗ್ರಾಣವನ್ನು ತೆರೆದಿಟ್ಟು, ಏನನ್ನೂ ಮುಟ್ಟಬೇಡ ಎಂದು ಹೇಳುವುದು ಕಾವಲಲ್ಲ.

ಇನ್ನೊಂದು ಅಪಾಯವನ್ನೂ ಅವನು ತಿಳಿಸಿದನು. ವೈಯಾಕರಣನಾದ ನನಗೆ ಅದು ಇನ್ನೂ ಸ್ವಾರಸ್ಯವೆನಿಸಿತು. ಷರಾ ಅಂಕಣದಲ್ಲಿ ಯಾರೋ ಕಿಡಿಗೇಡಿಯು, 'ಎಲ್ಲ ಹೆಸರುಗಳನ್ನೂ ಇಂಥವರಿಗೆ ಕಳುಹಿಸು' ಎಂದು ಬರೆದಿಟ್ಟನೆನ್ನೋಣ. ಓದುತ್ತಿರುವ ಸಹಾಯಕನು ಅದನ್ನು ಪುಸ್ತಕದೊಳಗಿನ ಮಾತೆಂದು ತಿಳಿಯದೆ, ತನ್ನ ಯಜಮಾನನ ಆಜ್ಞೆಯೆಂದೇ ಭಾವಿಸಿ ನಡೆಸಿಬಿಡುವುದುಂಟಂತೆ. ಕನ್ನಡದಲ್ಲಿ 'ಎಂದು' ಎಂಬ ಒಂದು ಅವ್ಯಯವಿದೆ. ಅವನು ಬಾ ಎಂದನು ಎಂದರೆ, ಕೇಳಿದವರಾರೂ ಎದ್ದು ಹೊರಡುವುದಿಲ್ಲ. ಪರರ ಮಾತನ್ನು ನಮ್ಮ ಆಜ್ಞೆಯಿಂದ ಬೇರ್ಪಡಿಸುವ ಬೇಲಿ ಆ ಪದ. ಯಂತ್ರದ ಮನಸ್ಸಿನಲ್ಲಿ ಆ ಬೇಲಿ ಇನ್ನೂ ಗಟ್ಟಿಯಾಗಿಲ್ಲ. ಅಷ್ಟೇ ಅಲ್ಲದೆ, ಉಗ್ರಾಣಿಯು ನಮ್ಮ ಕೊಠಡಿಯಲ್ಲಿದ್ದರೂ, ಅವನು ಅಳೆದು ಕೊಟ್ಟದ್ದನ್ನು ಓದುವ ಸಹಾಯಕನ ಬುದ್ಧಿಯಿರುವುದು ದೂರದ ಊರಿನ ಯಂತ್ರಗಳಲ್ಲಿ. ಇಲ್ಲಿ ತೆರೆದ ಪುಟ ಅಲ್ಲಿಯವರೆಗೆ ಹೋಗುತ್ತದೆ.

ಇದನ್ನೆಲ್ಲ ಆಲೋಚಿಸಿ ಶಿಷ್ಯನು ಮಾರನೆಯ ದಿನ ಏರ್ಪಾಡನ್ನು ಬದಲಿಸಿದನು. ಅದುವರೆಗೆ ಸರ್ವರ್ ಅವನ ಸ್ವಂತ ಅಧಿಕಾರದ ಬೀಗದಕೈಯನ್ನೇ ಹಿಡಿದಿತ್ತು. ಈಗ ದತ್ತಸಂಚಯದಲ್ಲಿಯೇ ಬೇರೊಂದು ಬಳಕೆದಾರನನ್ನು ನೇಮಿಸಿ, ನಾಲ್ಕು ಧಾತುಗಳಲ್ಲಿ 'ಆಯು' ಎಂಬ ಒಂದೇ ಧಾತುವಿನ ಅಧಿಕಾರವನ್ನು ಅವನಿಗೆ ಕೊಟ್ಟನು. ಸೇರಿಸು, ತಿದ್ದು, ಅಳಿಸು ಎಂದು ಸಹಾಯಕನು ಎಷ್ಟು ಸೊಗಸಾಗಿ ಬರೆದರೂ ದತ್ತಸಂಚಯವೇ ಒಪ್ಪುವುದಿಲ್ಲ. ಏನನ್ನು ಬೇಕಾದರೂ ಕೇಳಬಹುದಾಗಿದ್ದ ಮೂರನೆಯ ಸಲಕರಣೆಯನ್ನು ತೆಗೆದು, ಊರುವಾರು ಲೆಕ್ಕ, ವರ್ಷವಾರು ಲೆಕ್ಕ ಎಂದು ಗೊತ್ತಾದ ಕೆಲಸಗಳ ಸಲಕರಣೆಗಳನ್ನು ಇಟ್ಟನು. ಎಲ್ಲಕ್ಕೂ ಮೊದಲು ಇಡೀ ಸಂಚಯದ ಒಂದು ಪ್ರತಿಯನ್ನು ತೆಗೆದು ಕಚೇರಿಯ ಕಪಾಟಿನಲ್ಲಿ ಭದ್ರಪಡಿಸಿದನು.

ವ್ಯಾಕರಣ ಶಾಸ್ತ್ರದಲ್ಲಿ ಒಂದು ಸೂಕ್ಷ್ಮವಿದೆ. ಸ್ವತಂತ್ರನಾಗಿ ಕ್ರಿಯೆಯನ್ನು ನಡೆಸುವವನು ಕರ್ತೃ ಎಂದು ಹೇಳಿದ ಪಾಣಿನಿಯು, ಒಡನೆಯೇ, ಅವನನ್ನು ಪ್ರೇರಿಸುವವನಿಗೂ ಕರ್ತೃವೆಂಬ ಹೆಸರನ್ನು ಕೊಡುತ್ತಾನೆ. ನಮ್ಮ ಕನ್ನಡವು ಈ ಭಾವವನ್ನು ಒಂದು ಪ್ರತ್ಯಯದಲ್ಲಿ ಅಡಗಿಸಿದೆ: ತಿದ್ದಿದನು, ತಿದ್ದಿಸಿದನು. ಯಂತ್ರವು ತಿದ್ದಿತು ಎಂದು ನಾವು ಕೈತೊಳೆದುಕೊಳ್ಳುವಾಗಲೆಲ್ಲ ಆ 'ಇಸು' ಪ್ರತ್ಯಯವು ನಮ್ಮನ್ನು ಎಚ್ಚರಿಸಬೇಕು. ತಿದ್ದಿದ್ದು ಯಂತ್ರವಾದರೂ ತಿದ್ದಿಸಿದವರು ನಾವು. ಬೀಗದಕೈ ಕೊಟ್ಟವನ ಹೊಣೆ, ಬೀಗ ತೆರೆದವನ ಚಾತುರ್ಯದಿಂದ ಕಡಿಮೆಯಾಗುವುದಿಲ್ಲ.

ಕಡೆಯ ಪ್ರಶ್ನೆ ಯಂತ್ರದ್ದಲ್ಲ, ನಮ್ಮದು. ಕೋಶವು ಸಿದ್ಧವಾದ ಮೇಲೆ, ದಾಸೋಹದಲ್ಲಿ ಉಂಡು ಕಲಿತವರ ಪಟ್ಟಿ ಒಂದು ಗಳಿಗೆಯ ಕೆಲಸವಾಯಿತು. ಸಮಿತಿಯ ಕೆಲವು ಹಿರಿಯರು, ದಾನಿಗಳ ಧನವು ಎಂತಹ ಫಲವನ್ನು ಕೊಟ್ಟಿತೆಂದು ತೋರಿಸುವುದಕ್ಕಾಗಿ ಆ ಹೆಸರುಗಳನ್ನು ಈ ಸಂಚಿಕೆಯಲ್ಲಿ ಮುದ್ರಿಸಬೇಕೆಂದರು. ಅವರ ಉದ್ದೇಶ ನಿರ್ಮಲವಾದುದು. ಆದರೆ ನನಗೆ ನೆಲ ನೋಡುತ್ತ ನಿಂತ ನಮ್ಮ ತಂದೆಯವರು ಕಂಡರು. ಆ ಗುಮಾಸ್ತರು ಇಡೀ ಪದವನ್ನು ಬರೆಯಬಹುದಾಗಿತ್ತು; ಅಂಕಣ ಅಷ್ಟೊಂದು ಕಿರಿದಾಗಿರಲಿಲ್ಲ. ಒಂದೇ ಅಕ್ಷರವನ್ನು ಬರೆದು ಚುಕ್ಕಿಯಿಟ್ಟದ್ದು ಜಾಗದ ಉಳಿತಾಯಕ್ಕಲ್ಲ, ಒಬ್ಬ ತಂದೆಯ ಮಾನದ ಉಳಿತಾಯಕ್ಕೆ ಎಂದು ಈ ಕೋಶವನ್ನು ಬರೆಯುವಾಗಲೇ ನನಗೆ ಅರಿವಾದದ್ದು. ಅವರು ಮರೆಮಾಡಿದ್ದನ್ನು ನಾನು ಬಿಡಿಸಿ ಹೇಳಿದೆ. ಯಂತ್ರವು ಅದನ್ನು ಊರಿಗೆಲ್ಲ ಹಂಚಬಲ್ಲುದು. ಈ ಮಾತನ್ನು ಸಮಿತಿಯ ಮುಂದಿಟ್ಟೆ. ಪೂಜ್ಯ ಶ್ರೀಗಳವರು ಎಲ್ಲವನ್ನೂ ಕೇಳಿ, "ಎಷ್ಟು ಜನ ಉಂಡರು ಎಂಬುದು ಲೆಕ್ಕ, ಯಾರು ಉಂಡರು ಎಂಬುದು ನಮಗೆ ಬೇಡ" ಎಂದು ಅಪ್ಪಣೆ ಕೊಡಿಸಿದರು. ಅದರಂತೆ ಸಹಾಯಕನಿಗೆ ಷರಾ ಅಂಕಣವು ಈಗ ಕಾಣುವುದಿಲ್ಲ. ದಾಸೋಹದ ಬಗ್ಗೆ ಕೇಳಿದರೆ ವರ್ಷಕ್ಕೆ ಎಷ್ಟು ಮಂದಿ ಎಂಬ ಸಂಖ್ಯೆಯನ್ನಷ್ಟೇ ಅದಕ್ಕೆ ಕೊಡಲಾಗುತ್ತದೆ. ದಾನಿಗಳು ತಮ್ಮ ಕಾಣಿಕೆಯ ಫಲವನ್ನು ಆ ಸಂಖ್ಯೆಯಲ್ಲಿಯೇ ಕಾಣಬೇಕೆಂದು ನನ್ನ ವಿನಂತಿ. ಹೆಸರೊಂದು ಬೇಕೇ ಬೇಕೆಂದಾದರೆ, ನನ್ನದನ್ನು ನಾನೇ ಇಲ್ಲಿ ಹೇಳಿಕೊಂಡಿದ್ದೇನೆ.

ಯಂತ್ರವು ನನ್ನನ್ನು ದಾನಿಯೆಂದು ಕರೆದ ತಪ್ಪನ್ನು ತಿದ್ದಲಾಗಿದೆ. ಆದರೂ ತುಂಬಿದ ಸಭೆಯಲ್ಲಿ ಬಂದ ಚಪ್ಪಾಳೆಯ ಸಾಲವು ಮನಸ್ಸಿನಲ್ಲಿ ಉಳಿದಿತ್ತು. ಈ ವರ್ಷ ನನ್ನ ಶಕ್ತ್ಯನುಸಾರ ಪ್ರಸಾದ ನಿಲಯದ ನಿಧಿಗೆ ಅಲ್ಪ ಕಾಣಿಕೆಯನ್ನು ಸಲ್ಲಿಸಿ ರಸೀದಿ ಪಡೆದಿದ್ದೇನೆ. ೧೯೮೩ರ ಪುಸ್ತಕದಲ್ಲಿ ನನ್ನ ಹೆಸರಿನ ಮುಂದಿರುವ 'ದಾ.' ಮಾತ್ರ ಹಾಗೆಯೇ ಇರಲಿ. ಅದನ್ನು ಯಾರೂ ತಿದ್ದದಿರಲಿ, ತಿದ್ದಿಸದಿರಲಿ.